ಕೆಂಪು ದೀಪ ಆರಿದ ಮೇಲೆ

ಕಳೆದ ಡಿಸೆಂಬರಿನಲ್ಲಿ ನನ್ನ ಸೋದರಳಿಯ ಮೈಸೂರಿಗೆ ಬಂದು ಹತ್ತು ದಿನ ನಮ್ಮ ಮನೆಯಲ್ಲಿ ಮೌನವಾಗಿ ಕುಳಿತಿದ್ದ. ಮೌನವೆಂದರೆ ಪೂರಾ ಮೌನ. ಧ್ವನಿಪೆಟ್ಟಿಗೆ ಊದಿಕೊಂಡಿದೆ, ಹತ್ತು ದಿನ ತುಟಿ ಬಿಚ್ಚಕೂಡದು, ಪಿಸುಮಾತು ಸಹ ಬೇಡ, ಎಂದು ಬೆಂಗಳೂರಿನ ಗಂಟಲ ವೈದ್ಯರು ಕಟ್ಟಪ್ಪಣೆ ಮಾಡಿದ್ದರಂತೆ. ಬೇರೆಯವರಿಗಾದರೆ ಇದೊಂದು ಸಣ್ಣ ಕಾಯಿಲೆ; ನನ್ನಂಥವನಿಗೆ ಬಂದರೆ ಮನೆಯವರು ಸಂತೋಷಪಟ್ಟಾರು. ಆದರೆ ಈ ಹುಡುಗನಿಗೆ ಮಾತೇ ಹೊಟ್ಟೆಪಾಡು.

ಅವನ ಕಸುಬು ಎಂಥದೆಂಬುದನ್ನು ವಾಚಕರಿಗೆ ಎರಡು ಮಾತಿನಲ್ಲಿ ತಿಳಿಸಬೇಕು. ಮನೆಯ ಒಂದು ಕೋಣೆಯಲ್ಲಿ ಕ್ಯಾಮೆರಾ, ಮೈಕು, ದೀಪಗಳನ್ನು ಇಟ್ಟುಕೊಂಡು ಅವನು ಮೊಬೈಲಿನ ಕಾಳಗದ ಆಟವೊಂದನ್ನು ಆಡುತ್ತಾನೆ. ಆಡುತ್ತ ಆಡುತ್ತಲೇ ಕನ್ನಡದಲ್ಲಿ ಹರಟುತ್ತಾನೆ. ಅದೆಲ್ಲವೂ ಆ ಕ್ಷಣದಲ್ಲೇ ಯೂಟ್ಯೂಬಿನಲ್ಲಿ ಪ್ರಸಾರವಾಗುತ್ತದೆ. ಇದಕ್ಕೆ ಲೈವ್ ಸ್ಟ್ರೀಮಿಂಗ್ ಎಂದು ಹೆಸರು. ನೋಡುವವರು ಪ್ರಶ್ನೆ ಬರೆದು ಕೇಳುತ್ತಾರೆ, ಇವನು ಅವರ ಹೆಸರು ಹಿಡಿದು ಉತ್ತರ ಕೊಡುತ್ತಾನೆ. ಜಾಹೀರಾತಿನ ಪಾಲು, ತಿಂಗಳ ಸದಸ್ಯರ ಚಂದಾ, ಮೆಚ್ಚಿದವರು ನಿಂತ ನಿಲುವಿನಲ್ಲೇ ಕಳುಹಿಸುವ ಕಾಣಿಕೆ, ಇಷ್ಟು ಅವನ ವರಮಾನ. ಮೂರು ವರ್ಷದ ಹಿಂದೆ ಸಂಬಳದ ಕೆಲಸ ಬಿಟ್ಟಾಗ, "ಇನ್ನು ಯಾರ ಕೈಕೆಳಗೂ ಇಲ್ಲ ಮಾಮ" ಎಂದು ಹೆಮ್ಮೆಯಿಂದ ಹೇಳಿದ್ದ. ಅವನ ತಾಯಿ, ಎಂದರೆ ನನ್ನ ತಂಗಿ, ಅದನ್ನೇ ಬೇರೆ ರೀತಿಯಲ್ಲಿ ಹೇಳುತ್ತಾಳೆ: "ಯಾರ ಕೈಕೆಳಗೂ ಇಲ್ಲವಂತೆ. ಊಟಕ್ಕೆ ಕರೆದರೆ ಮಾತ್ರ ಪುರುಸೊತ್ತಿಲ್ಲ."

ಗಂಟಲು ಕೆಡುವುದಕ್ಕೆ ಮೊದಲು ಇನ್ನೊಂದು ಸಂಗತಿ ನಡೆದಿತ್ತು. ತಂಗಿಯ ಕಣ್ಣಿಗೆ ಪೊರೆ ಬಂದಿದೆ. ತೋರಿಸಲು ದಿನ ಗೊತ್ತಾಗಿತ್ತು. ತಾನೇ ಕರೆದುಕೊಂಡು ಹೋಗುತ್ತೇನೆಂದು ಮಗ ಒಪ್ಪಿಕೊಂಡಿದ್ದ. ಹಿಂದಿನ ರಾತ್ರಿ ಆಟ ರಂಗಿಗೇರಿ ನೋಡುವವರು ಹೆಚ್ಚಿದರು. ಇವನು ಎದ್ದಾಗ ಬೆಳಗಿನ ನಾಲ್ಕು. ಎಂಟು ಗಂಟೆಯ ಅಲಾರಂ ಇವನಿಗೆ ಕೇಳಿಸಲಿಲ್ಲ. ಅವಳು ಎಬ್ಬಿಸುವುದಕ್ಕೆ ಮನಸ್ಸು ಬಾರದೆ ಆಟೋ ಹಿಡಿದು ಒಬ್ಬಳೇ ಹೋಗಿ, ಕಣ್ಣಿಗೆ ಹನಿ ಹಾಕಿಸಿಕೊಂಡು, ಮಬ್ಬುಗಣ್ಣಿನಲ್ಲಿ ಒಬ್ಬಳೇ ವಾಪಸು ಬಂದಳು. ಬಂದವಳು ಏನೂ ಅನ್ನಲಿಲ್ಲವಂತೆ. ಅದೇ ಅವನಿಗೆ ಹೆಚ್ಚು ನಾಟಿದೆ.

ನಮ್ಮ ಮನೆಯಲ್ಲಿ ಅವನು ಮಾತಿನ ಬದಲು ಒಂದು ನೋಟ್‌ಬುಕ್ಕಿನಲ್ಲಿ ಬರೆದು ತೋರಿಸುತ್ತಿದ್ದ. ಬಂದ ಎರಡನೆಯ ದಿನ ಬರೆದದ್ದು: "ಹತ್ತು ದಿನ ಲೈವ್ ಹೋಗದಿದ್ದರೆ ಜನ ಮರೆತುಬಿಡ್ತಾರೆ ಮಾಮ." ಅದರ ಹಿಂದಿನ ಪುಟದಲ್ಲಿ ಅವನ ಕೆಲಸಗಳ ಪಟ್ಟಿ ಇತ್ತು. ಒಟ್ಟು ೧೭ ಬಾಬುಗಳು. ಮೊದಲನೆಯದು ಲೈವ್. ಹದಿನಾಲ್ಕನೆಯದು ಮುಂಗಡ ತೆರಿಗೆ. ಹದಿನಾರನೆಯದು "ಅಮ್ಮನ ಕಣ್ಣು". ನಿದ್ದೆ ಎಂಬ ಬಾಬು ಪಟ್ಟಿಯಲ್ಲಿ ಎಲ್ಲಿಯೂ ಇರಲಿಲ್ಲ.

ಮೂವತ್ತು ವರ್ಷ ಇತಿಹಾಸ ಪಾಠ ಹೇಳಿದವನ ಬಳಿಗೆ ಯಾರೇ ಕಷ್ಟ ತಂದರೂ ಅವನು ಮಾಡಬಲ್ಲದ್ದು ಒಂದೇ: ಈ ಕಷ್ಟ ಹಿಂದೆ ಯಾರಿಗೆ ಬಂದಿತ್ತು ಎಂದು ಹುಡುಕುವುದು. ಸಂಜೆ ಅವನನ್ನು ತಿರುಗಾಟಕ್ಕೆ ಕರೆದುಕೊಂಡು ಹೊರಟೆ. ಯಾದವಗಿರಿಯ ಆಕಾಶವಾಣಿಯ ಮುಂದೆ ನಿಂತು, "ನಿನ್ನ ಕಸುಬಿನ ಹಿರೀಕರು ಇಲ್ಲೇ ಇದ್ದರು ಕಣೋ" ಎಂದೆ.

ಎಂ. ವಿ. ಗೋಪಾಲಸ್ವಾಮಿಯವರ ಹೆಸರನ್ನು ಮೈಸೂರಿನ ಹಳಬರು ಬಲ್ಲರು. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರು. ೧೯೩೫ರ ಸೆಪ್ಟೆಂಬರಿನಲ್ಲಿ ಅವರು ತಮ್ಮ ಮನೆಯಾದ 'ವಿಠ್ಠಲ ವಿಹಾರ'ದಿಂದಲೇ ಬಾನುಲಿ ಪ್ರಸಾರ ಆರಂಭಿಸಿದರು. ಯಂತ್ರದ ಶಕ್ತಿ ೩೦ ವಾಟ್. ಹಳೆಯ ಕಾಲದ ೬೦ ಕ್ಯಾಂಡಲ್ ಬಲ್ಬು ನುಂಗುತ್ತಿದ್ದುದರಲ್ಲಿ ಅರ್ಧ. ಸರ್ಕಾರದ ಇಲಾಖೆಯಿಲ್ಲ, ಕಂಪೆನಿಯಿಲ್ಲ. ಒಬ್ಬ ಮೇಷ್ಟರ ಹುಮ್ಮಸ್ಸು, ಸ್ನೇಹಿತರ ನೆರವು. ಆ ಪುಟ್ಟ ನಿಲಯಕ್ಕೆ ಇಟ್ಟ ಹೆಸರೇ 'ಆಕಾಶವಾಣಿ'. ಮುಂದೆ ಇಡೀ ಭಾರತದ ಬಾನುಲಿಗೆ ಅದೇ ಹೆಸರಾಯಿತು. ಸಾರ್ವಜನಿಕರಿಂದಲೂ ಪುರಸಭೆಯಿಂದಲೂ ಸಹಾಯ ಪಡೆದು, ಕಷ್ಟಸುಖ ನೋಡಿ, ೧೯೪೨ರಲ್ಲಿ ಅದನ್ನು ಮೈಸೂರು ಸಂಸ್ಥಾನಕ್ಕೆ ವಹಿಸಿಕೊಟ್ಟರು. ಗ್ರಾಮಫೋನು ತಟ್ಟೆ ತಿರುಗುವ ಹೊತ್ತನ್ನು ಬಿಟ್ಟರೆ ಆ ಕಾಲದ ಪ್ರಸಾರವೆಲ್ಲ ನೇರ ಪ್ರಸಾರವೇ: ಹಾಡುವವನು ಕೆಮ್ಮಿದರೆ ಊರಿಗೆಲ್ಲ ಕೆಮ್ಮು ಕೇಳಿಸುತ್ತಿತ್ತು.

ಗೋಪಾಲಸ್ವಾಮಿಯವರು ದಿನದ ಹೊತ್ತನ್ನು ಹೇಗೆ ಹಂಚಿಕೊಂಡಿದ್ದರೆಂಬುದಕ್ಕೆ ನನ್ನ ಬಳಿ ಕಾಗದಪತ್ರವಿಲ್ಲ. ಆದರೆ ಒಂದು ಮಾತನ್ನು ಊಹೆ ಮಾಡಬಹುದು. ಕಾಲೇಜಿನ ಗಂಟೆ ಅವರ ಕೈಯಲ್ಲಿರಲಿಲ್ಲ. ಪಾಠದ ಹೊತ್ತು ಕಳೆದು ಉಳಿದದ್ದರಲ್ಲಿ ಪ್ರಸಾರ ಹಿಡಿಸಬೇಕು. ಆದ್ದರಿಂದ ಬಾನುಲಿ ಹುಟ್ಟಿದ್ದೇ ಗೊತ್ತಾದ ಹೊತ್ತಿಗೆ ಬಾಯಿ ತೆರೆದು, ಗೊತ್ತಾದ ಹೊತ್ತಿಗೆ ಮುಚ್ಚುವ ವಸ್ತುವಾಗಿ. ನಮ್ಮ ಬಾಲ್ಯದಲ್ಲಿಯೂ ಹಾಗೆಯೇ: ಬೆಳಗ್ಗೆ, ಮಧ್ಯಾಹ್ನ, ಸಂಜೆ ಎಂದು ಮೂರು ಸಲ ರೇಡಿಯೋ ಮಾತನಾಡುತ್ತಿತ್ತು, ನಡುವೆ ಬರಿಯ ಗುಸುಗುಸು. ಯಾರೂ ಅದನ್ನು ಮರೆಯಲಿಲ್ಲ. ಇಂಗ್ಲೆಂಡಿನಲ್ಲಂತೂ ೧೯೫೭ರವರೆಗೆ ದೂರದರ್ಶನವನ್ನು ಸಂಜೆ ಆರರಿಂದ ಏಳರವರೆಗೆ ನಿಲ್ಲಿಸಿಬಿಡುತ್ತಿದ್ದರು, ತಾಯಂದಿರು ಮಕ್ಕಳನ್ನು ಮಲಗಿಸಲಿ ಎಂದು. ಇಂದು ಹೇಳಿದರೆ ನಗುತ್ತಾರೆ.

ನಾನೂ ಹಲವು ಸಲ ಆಕಾಶವಾಣಿಯಲ್ಲಿ ಹತ್ತು ನಿಮಿಷದ ಭಾಷಣಗಳನ್ನು ಓದಿದವನು. ಕೆಂಪು ದೀಪ ಹತ್ತಿದಾಗ ಕಾಗದದ ಸಪ್ಪಳವೂ ಆಗಕೂಡದೆಂಬ ಭಯ ಇನ್ನೂ ನೆನಪಿದೆ. ಒಮ್ಮೆ ಅಲ್ಲಿಯ ಕಾರ್ಯಕ್ರಮಾಧಿಕಾರಿಗಳೊಬ್ಬರು ಮೇಜಿನ ಮೇಲಿದ್ದ ಒಂದು ದೊಡ್ಡ ಹಾಳೆಯನ್ನು ತೋರಿಸಿದರು. ಅದಕ್ಕೆ ಫಿಕ್ಸೆಡ್ ಪಾಯಿಂಟ್ ಚಾರ್ಟ್ ಎನ್ನುತ್ತಾರೆ. ಜಗ್ಗದ, ಜರುಗದ ಬಾಬುಗಳನ್ನು ಮೊದಲು ಅದರಲ್ಲಿ ತುಂಬುತ್ತಾರೆ: ವಾರ್ತೆ, ರೈತರ ಕಾರ್ಯಕ್ರಮ, ಮಕ್ಕಳ ಕಾರ್ಯಕ್ರಮ ಮುಂತಾದವು. ನನ್ನ ಭಾಷಣದಂಥವು ಆಮೇಲೆ, ಮಿಕ್ಕ ಸಂದಿಗಳಲ್ಲಿ. "ಮೊದಲು ಯಾವುದು ಮುಖ್ಯ ಎಂದು ಕೇಳುವುದಿಲ್ಲ ಸ್ವಾಮಿ, ಯಾವುದನ್ನು ಕದಲಿಸುವ ಹಾಗಿಲ್ಲ ಎಂದು ಕೇಳುತ್ತೇವೆ" ಎಂದರು ಅವರು. ಈ ಮಾತನ್ನು ನಾನು ಹುಡುಗನಿಗೆ ಬಲು ಉತ್ಸಾಹದಿಂದ ಹೇಳಿದೆ.

ಅವನು ದಾರಿಯ ದೀಪದ ಕೆಳಗೆ ನಿಂತು ನೋಟ್‌ಬುಕ್ಕಿನಲ್ಲಿ ಬರೆದ: "ಅವರಿಗೆ ಕಾಲೇಜಿನ ಸಂಬಳ ಇತ್ತು. ಇವರಿಗೆ ಸರ್ಕಾರದ ಸಂಬಳ. ನನಗೆ?"

ಉತ್ತರ ಹೇಳಲು ಒಂದು ರಾತ್ರಿ ಬೇಕಾಯಿತು. ಸಂಬಳವಿಲ್ಲದೆ, ಸ್ವಂತ ಅಂಗಡಿ ತೆರೆದುಕೊಂಡು, ಹೊತ್ತಿನ ಲೆಕ್ಕ ಬರೆದಿಟ್ಟವನೊಬ್ಬ ಬೇಕಾಗಿತ್ತು. ಮಾರನೆಯ ದಿನ ಕಪಾಟಿನಿಂದ ಬೆಂಜಮಿನ್ ಫ್ರಾಂಕ್ಲಿನ್ನನ ಆತ್ಮಕಥೆಯನ್ನು ಇಳಿಸಿದೆ.

ಫ್ರಾಂಕ್ಲಿನ್ ೧೭೨೮ರಲ್ಲಿ ಫಿಲಡೆಲ್ಫಿಯ ನಗರದಲ್ಲಿ ಮುದ್ರಣಾಲಯ ತೆರೆದಾಗ ಅವನಿಗೆ ೨೨ ವರ್ಷ, ತಲೆಯ ಮೇಲೆ ಸಾಲ. ಕೆಲವು ವರ್ಷದಲ್ಲೇ ಹದಿಮೂರು ಸದ್ಗುಣಗಳನ್ನು ಆರಿಸಿಕೊಂಡು, ವಾರಕ್ಕೊಂದರಂತೆ ಅಭ್ಯಾಸ ಮಾಡತೊಡಗಿದ. ಮೂರನೆಯ ಗುಣ ಕ್ರಮ: ಪ್ರತಿ ವಸ್ತುವಿಗೂ ಒಂದು ಜಾಗ, ಪ್ರತಿ ಕೆಲಸಕ್ಕೂ ಒಂದು ಹೊತ್ತು. ಇದಕ್ಕಾಗಿ ದಿನದ ೨೪ ಗಂಟೆಗೂ ಒಂದು ಪಟ್ಟಿ ಹಾಕಿದ. ಐದಕ್ಕೆ ಏಳುವುದು; ಈ ದಿನ ಏನು ಒಳ್ಳೆಯದು ಮಾಡಲಿ ಎಂದು ಕೇಳಿಕೊಳ್ಳುವುದು; ಎಂಟರಿಂದ ಕೆಲಸ; ನಡುಹಗಲಲ್ಲಿ ಊಟ, ಓದು, ಲೆಕ್ಕಪತ್ರ ನೋಡುವುದು; ಎರಡರಿಂದ ಮತ್ತೆ ಕೆಲಸ; ಸಂಜೆ ಸಾಮಾನುಗಳನ್ನು ಅವುಗಳ ಜಾಗಕ್ಕೆ ಸೇರಿಸಿ, ಊಟ, ಸಂಗೀತ, ಮಾತುಕತೆ, ದಿನದ ಪರೀಕ್ಷೆ; ಹತ್ತಕ್ಕೆ ನಿದ್ದೆ. ಲೆಕ್ಕಪತ್ರಕ್ಕೆ ಊಟದ ಪಕ್ಕದಲ್ಲೇ ಜಾಗ ಕೊಟ್ಟಿರುವುದನ್ನು ವಾಚಕರು ಗಮನಿಸಬೇಕು. ನಾವಾದರೆ ಅದನ್ನು ಮಾರ್ಚಿ ತಿಂಗಳಿಗೆ ಮುಂದೂಡುತ್ತಿದ್ದೆವು.

ತಪ್ಪಿದಾಗಲೆಲ್ಲ ಪುಸ್ತಕದಲ್ಲಿ ಚುಕ್ಕೆ ಇಡುತ್ತಿದ್ದ. ಹಳೆಯ ಚುಕ್ಕೆಗಳನ್ನು ಕೆರೆದು ಕೆರೆದು ಕಾಗದ ತೂತಾಯಿತು. ಆಮೇಲೆ ದಂತದ ಹಾಳೆಗಳ ಪುಟ್ಟ ಪುಸ್ತಕಕ್ಕೆ ಬದಲಾಯಿಸಿ, ಸೀಸದಕಡ್ಡಿಯ ಗುರುತನ್ನು ಒದ್ದೆ ಸ್ಪಂಜಿನಿಂದ ಒರೆಸುತ್ತಿದ್ದನಂತೆ. ಅತಿ ಹೆಚ್ಚು ಚುಕ್ಕೆ ಬಿದ್ದದ್ದು ಯಾವ ಗುಣದ ಸಾಲಿನಲ್ಲಿ? ಇದೇ ಕ್ರಮದ ಸಾಲಿನಲ್ಲಿ! ಮುಚ್ಚುಮರೆಯಿಲ್ಲದೆ ಅದನ್ನು ಒಪ್ಪಿಕೊಂಡು ಅವನು ಕೊಡುವ ಕಾರಣವೇ ನಮಗೆ ಇಲ್ಲಿ ಬೇಕಾದದ್ದು. ಕೂಲಿಗೆ ಅಚ್ಚುಮೊಳೆ ಜೋಡಿಸುವವನು ತನ್ನ ಹೊತ್ತನ್ನು ಗೊತ್ತುಮಾಡಿಕೊಳ್ಳಬಹುದು. ಅಂಗಡಿಯ ಯಜಮಾನನಿಗೆ ಅದು ಸಾಧ್ಯವಿಲ್ಲ, ಏಕೆಂದರೆ ಗಿರಾಕಿಗಳು ತಮಗೆ ಅನುಕೂಲವಾದ ಹೊತ್ತಿಗೆ ಬರುತ್ತಾರೆ, ಬಂದಾಗ ಎದ್ದು ಮಾತನಾಡಿಸಲೇಬೇಕು. ಯಜಮಾನನಾದ ದಿನವೇ ಹೊತ್ತು ಅವನ ಕೈತಪ್ಪಿತು!

ಇದನ್ನು ಓದಿ ಹೇಳಿದಾಗ ನನ್ನ ಸೋದರಳಿಯ ಮೊದಲ ಸಲ ನಕ್ಕ. ಶಬ್ದವಿಲ್ಲದ ನಗು.

ಫ್ರಾಂಕ್ಲಿನ್ ಅಲ್ಲಿಯೇ ಒಂದು ಕಥೆ ಹೇಳುತ್ತಾನೆ. ಒಬ್ಬ ಕೊಡಲಿ ಕೊಳ್ಳಲು ಹೋದ. ಅಂಚಿನಂತೆಯೇ ಕೊಡಲಿಯ ಮೈಯೆಲ್ಲ ಹೊಳೆಯಬೇಕೆಂದ. ಆಗಲಿ, ಸಾಣೆಯ ಚಕ್ರವನ್ನು ನೀನೇ ತಿರುಗಿಸು ಎಂದ ಕಮ್ಮಾರ. ತಿರುಗಿಸಿ ತಿರುಗಿಸಿ ಸುಸ್ತಾದವನು ಕೊನೆಗೆ, ಚುಕ್ಕೆ ಚುಕ್ಕೆ ಇರುವ ಕೊಡಲಿಯೇ ತನಗೆ ಇಷ್ಟ ಎಂದು ಎತ್ತಿಕೊಂಡು ಹೊರಟ. ಇಂದು ಪುಸ್ತಕದಂಗಡಿಗಳಲ್ಲಿ ಸಮಯಪಾಲನೆಯ ಬಗೆಗೆ ರಾಶಿ ಬಿದ್ದಿರುವ ಗ್ರಂಥಗಳು ಫ್ರಾಂಕ್ಲಿನ್ನನ ಪಟ್ಟಿಯನ್ನು ಎತ್ತಿಕೊಂಡು ಈ ಕೊಡಲಿಯನ್ನು ಕೈಬಿಡುತ್ತವೆಂದು ನನ್ನ ದೂರು.

ಆಂಥನಿ ಟ್ರಾಲಪ್ ಎಂಬ ಇಂಗ್ಲಿಷ್ ಕಾದಂಬರಿಕಾರನದು ಬೇರೆ ದಾರಿ. ಅಂಚೆ ಇಲಾಖೆಯ ನೌಕರಿ ಮಾಡುತ್ತಲೇ ಬರೆದವನು. ಬೆಳಗ್ಗೆ ಐದೂವರೆಗೆ ಮೇಜಿನ ಮುಂದೆ. ಎಬ್ಬಿಸಿ ಕಾಫಿ ಕೊಡುವುದಕ್ಕಾಗಿ ಆಳಿಗೆ ವರ್ಷಕ್ಕೆ ೫ ಪೌಂಡು ಹೆಚ್ಚು ಸಂಬಳ. ಗಡಿಯಾರ ಎದುರಿಗಿಟ್ಟುಕೊಂಡು ಕಾಲು ಗಂಟೆಗೆ ೨೫೦ ಶಬ್ದದಂತೆ ಬರೆಯುತ್ತಿದ್ದ. ಅವನು ಸತ್ತ ಮರುವರ್ಷ, ೧೮೮೩ರಲ್ಲಿ, ಆತ್ಮಕಥೆ ಅಚ್ಚಾಗಿ ಈ ಗುಟ್ಟು ಹೊರಬಿದ್ದಾಗ ರಸಿಕರು ಮೂಗು ಮುರಿದರಂತೆ. ಆದರೆ ಅವನ ಜಾಣತನವನ್ನು ನೋಡಿ: ಗಿರಾಕಿಯಾಗಲಿ ಮೇಲಧಿಕಾರಿಯಾಗಲಿ ಏಳುವುದಕ್ಕೆ ಮೊದಲೇ ತನ್ನ ಕೆಲಸ ಮುಗಿಸಿ ಎದ್ದುಬಿಡುತ್ತಿದ್ದ. ಅವನು ಬರೆಯುವುದನ್ನು ಯಾರೂ ಕುಳಿತು ನೋಡಬೇಕಾಗಿರಲಿಲ್ಲ. ನಮ್ಮ ಹುಡುಗನ ಕಸುಬಿನಲ್ಲಿ ಈ ಸೌಕರ್ಯವಿಲ್ಲ.

ಐಸೆನ್‌ಹೋವರ್ ಹೆಸರಿನ ನಾಲ್ಕು ಮನೆಯ ಚೌಕ ಅವನಿಗೆ ಮೊದಲೇ ಗೊತ್ತಿತ್ತು, ಗೋಡೆಗೂ ಅಂಟಿಸಿಕೊಂಡಿದ್ದನಂತೆ. ಅಮೆರಿಕದ ಅಧ್ಯಕ್ಷರಾಗಿದ್ದ ಐಸೆನ್‌ಹೋವರ್ ೧೯೫೪ರ ಆಗಸ್ಟಿನಲ್ಲಿ ಇವಾನ್‌ಸ್ಟನ್ ಎಂಬ ಊರಿನ ಭಾಷಣದಲ್ಲಿ, ಹಿಂದೆ ಒಂದು ಕಾಲೇಜಿನ ಅಧ್ಯಕ್ಷರಾಗಿದ್ದವರೊಬ್ಬರ ಮಾತು ಎಂದು ಹೇಳಿ, ತುರ್ತಿನದು ಬೇರೆ ಮುಖ್ಯವಾದದ್ದು ಬೇರೆ ಎಂಬ ಅಭಿಪ್ರಾಯವನ್ನು ಎತ್ತಿಕೊಟ್ಟರು. ಅವರು ಚೌಕವನ್ನೇನೂ ಬರೆಯಲಿಲ್ಲ. ಅದು ಮನೆಮಾತಾದದ್ದು ಸ್ಟೀಫನ್ ಕವಿ ಎಂಬವರ ೧೯೮೯ರ ಪುಸ್ತಕದಿಂದ. ದಂಡನಾಯಕನಾಗಿದ್ದವನಿಗೆ ಮುಖ್ಯವಲ್ಲದ ಕೆಲಸವನ್ನು ಇನ್ನೊಬ್ಬರಿಗೆ ವಹಿಸು ಎನ್ನುವುದು ಸುಲಭ. ತನ್ನ ಕೋಣೆಯಲ್ಲಿ ತಾನೇ ದಂಡನಾಯಕ, ತಾನೇ ಸಿಪಾಯಿ, ತಾನೇ ಅಡಿಗೆಯವನಾದವನು ಯಾರಿಗೆ ವಹಿಸಬೇಕು?

ಇಲ್ಲಿಂದ ಮುಂದಿನ ಇತಿಹಾಸದಲ್ಲಿ ನಾನು ಶಿಷ್ಯ, ಹುಡುಗನೇ ಗುರು. ನಾಲ್ಕು ದಿನ ಅವನು ನೋಟ್‌ಬುಕ್ಕಿನಲ್ಲಿ ಬರೆದು ತಿಳಿಸಿದ್ದನ್ನು ನಾನು ಬೇರೆ ಕಡೆ ಹುಡುಕಿ ತಾಳೆ ನೋಡಿ, ವಾಚಕರ ಮುಂದೆ ಇಡುತ್ತಿದ್ದೇನೆ.

೧೯೯೬ರ ಏಪ್ರಿಲಿನಲ್ಲಿ ಜೆನ್ನಿಫರ್ ರಿಂಗ್ಲಿ ಎಂಬ ವಿದ್ಯಾರ್ಥಿನಿ ಪೆನ್ಸಿಲ್ವೇನಿಯದ ಡಿಕಿನ್ಸನ್ ಕಾಲೇಜಿನ ಹಾಸ್ಟೆಲಿನ ತನ್ನ ಕೋಣೆಯಲ್ಲಿ ಒಂದು ಪುಟ್ಟ ಕ್ಯಾಮೆರಾ ಇಟ್ಟಳು. ಕೆಲವು ನಿಮಿಷಕ್ಕೊಂದು ಕಪ್ಪುಬಿಳುಪು ಚಿತ್ರ ಇಂಟರ್ನೆಟ್ಟಿಗೆ ಹೋಗುತ್ತಿತ್ತು. ಓದುವುದು, ಮಲಗುವುದು, ಬರಿಯ ಖಾಲಿ ಕುರ್ಚಿ, ಎಲ್ಲವೂ. ಲಕ್ಷಾಂತರ ಜನ ನೋಡಿದರು. ೨೦೦೩ರ ಡಿಸೆಂಬರಿನ ಕೊನೆಗೆ ಅವಳೇ ಅದನ್ನು ಮುಚ್ಚಿದಳು. ಇದರಲ್ಲಿ ವೇಳಾಪಟ್ಟಿಯೆಂಬುದೇ ಇಲ್ಲ, ಬದುಕೇ ಪ್ರಸಾರ.

ಜಸ್ಟಿನ್ ಕಾನ್ ಎಂಬ ಯುವಕನ ಕಥೆ ಇನ್ನೂ ಸ್ವಾರಸ್ಯವಾಗಿದೆ. ಅವನೂ ಅವನ ಗೆಳೆಯ ಎಮೆಟ್ ಶಿಯರನೂ ಮೊದಲು ಕಟ್ಟಿದ್ದು ಕಿಕೋ ಎಂಬ ಕ್ಯಾಲೆಂಡರು! ಜನ ತಮ್ಮ ಹೊತ್ತನ್ನು ಬರೆದಿಟ್ಟುಕೊಳ್ಳಲೆಂದು ಇಂಟರ್ನೆಟ್ಟಿನಲ್ಲಿ ಒಂದು ಪಂಚಾಂಗ. ಅದು ನಡೆಯದೆ ೨೦೦೬ರಲ್ಲಿ ಹರಾಜಿಗಿಟ್ಟು ೨,೫೮,೧೦೦ ಡಾಲರಿಗೆ ಮಾರಿದರು. ೨೦೦೭ರ ಮಾರ್ಚಿ ೧೯ರಂದು ಕಾನ್ ತನ್ನ ಟೋಪಿಗೆ ಕ್ಯಾಮೆರಾ ಸಿಕ್ಕಿಸಿ, ಬೆನ್ನಚೀಲದಲ್ಲಿ ಕಂಪ್ಯೂಟರು ಹೊತ್ತು, ಸ್ಯಾನ್ ಫ್ರಾನ್ಸಿಸ್ಕೋ ಬೀದಿಗಳಲ್ಲಿ ತನ್ನ ಬಾಳನ್ನು ಹಗಲೂ ರಾತ್ರಿ ಪ್ರಸಾರ ಮಾಡಹೊರಟ. ಹೊತ್ತು ಹಂಚಿಕೊಳ್ಳುವ ಸಲಕರಣೆಯನ್ನು ಮಾರಿಕೊಂಡವನು ಹೊತ್ತಿನ ಗಡಿಯೇ ಇಲ್ಲದ ಕೆಲಸಕ್ಕೆ ಇಳಿದದ್ದು ನನಗೆ ಕಥೆಗಾರನ ಕಲ್ಪನೆಯಂತೆ ಕಾಣುತ್ತದೆ, ಆದರೆ ನಿಜ. ನೋಡುವವರಲ್ಲಿ ಯಾರೋ ಕಿಡಿಗೇಡಿಗಳು ಸುಳ್ಳು ಕರೆ ಮಾಡಿ ಅವನ ಮನೆಗೆ ಪೊಲೀಸರನ್ನೂ ನುಗ್ಗಿಸಿದರು. ಕೆಲವೇ ತಿಂಗಳಲ್ಲಿ ತನ್ನ ಬಾಳಿನ ಪ್ರಸಾರ ಸಾಕೆನಿಸಿತು. ಆ ವರ್ಷವೇ ಅಕ್ಟೋಬರಿನಲ್ಲಿ, ಬೇಕಾದವರೆಲ್ಲ ಪ್ರಸಾರ ಮಾಡಿ ಎಂದು ಬಾಗಿಲು ತೆರೆದರು. ಅದರಲ್ಲಿ ಆಟಗಾರರ ಪಾಲು ಬೆಳೆದು ೨೦೧೧ರಲ್ಲಿ ಟ್ವಿಚ್ ಎಂದು ಬೇರೆಯಾಯಿತು. ೨೦೧೪ರಲ್ಲಿ ಅಮೆಜಾನ್ ಅದನ್ನು ಸುಮಾರು ೯೭ ಕೋಟಿ ಡಾಲರು ಕೊಟ್ಟು ಕೊಂಡಿತು. ಮನೆಯ ಕೋಣೆಯಲ್ಲಿ ಕುಳಿತು ಆಟವಾಡಿ ಸಂಪಾದಿಸುವ ಸ್ವತಂತ್ರ ಕಸುಬೊಂದು ಜಗತ್ತಿನಲ್ಲಿ ಹುಟ್ಟಿದ್ದು ಹೀಗೆ.

೨೦೧೭ರಲ್ಲಿ ಟ್ವಿಚ್ ಚಿಕ್ಕ ಪ್ರಸಾರಕರಿಗೂ ಸಂಪಾದನೆಗೆ ಅವಕಾಶ ಕೊಟ್ಟಾಗ ಇಟ್ಟ ಅರ್ಹತೆಗಳಿವು: ಮೂವತ್ತು ದಿನದಲ್ಲಿ ೫೦೦ ನಿಮಿಷ ಪ್ರಸಾರ, ಬೇರೆ ಬೇರೆ ಏಳು ದಿನ, ಸರಾಸರಿ ಮೂವರು ನೋಡುಗರು, ಜೊತೆಗೆ ೫೦ ಮಂದಿ ಹಿಂಬಾಲಕರು. ತಿಂಗಳಿಗೆ ಎಂಟು ಗಂಟೆ ಇಪ್ಪತ್ತು ನಿಮಿಷ, ಭಾರವೇನೂ ಅಲ್ಲ. ನನ್ನ ಕಣ್ಣಿಗೆ ಬಿದ್ದದ್ದು ಬೇರೆ. ಅಲ್ಲಿ ಎಣಿಸುವುದೆಲ್ಲ ಕೆಂಪು ದೀಪ ಹತ್ತಿದ ನಿಮಿಷಗಳನ್ನು. ಲೆಕ್ಕ ಬರೆದ ಗಂಟೆ, ತುಣುಕು ಕತ್ತರಿಸಿ ಜೋಡಿಸಿದ ಗಂಟೆ, ಮೈಕು ರಿಪೇರಿ ಮಾಡಿಸಿದ ಗಂಟೆ, ಮಲಗಿದ ಗಂಟೆ, ಇವನ್ನು ಎಣಿಸಿದವರು ಯಾರೂ ಇಲ್ಲ. ಯಾವುದನ್ನು ಎಣಿಸುತ್ತಾರೋ ಅದು ಪಟ್ಟಿಯಲ್ಲಿ ತಾನಾಗಿ ಮೊದಲ ಬಾಬಾಗಿ ಬಂದು ಕೂರುತ್ತದೆ. ಹುಡುಗನ ಪಟ್ಟಿ ಹಾಗಿದ್ದುದಕ್ಕೆ ಅವನ ಸೋಮಾರಿತನವಾಗಲಿ ತಾಯಿಯ ಮೇಲಿನ ಅಲಕ್ಷ್ಯವಾಗಲಿ ಕಾರಣವಲ್ಲವೆಂದು ನನಗೆ ಆಗ ತೋರಿತು.

ಅವನ ಭಯವೂ ಸುಳ್ಳಲ್ಲ. ನಿಂಜಾ ಎಂಬ ಹೆಸರಿನಿಂದ ಆಡುವ ಟೈಲರ್ ಬ್ಲೆವಿನ್ಸ್ ಆ ಕಾಲಕ್ಕೆ ಈ ಕಸುಬಿನಲ್ಲಿ ಎಲ್ಲರಿಗಿಂತ ಮುಂದಿದ್ದವನು. ೨೦೧೮ರ ಜೂನಿನಲ್ಲಿ ಎರಡು ದಿನವೂ ಪೂರ್ತಿಯಾಗದಷ್ಟು ಹೊತ್ತು ಪ್ರಸಾರ ಬಿಟ್ಟಿದ್ದಕ್ಕೆ ೪೦,೦೦೦ ಚಂದಾದಾರರು ಕಳೆದುಹೋದರೆಂದು ಅವನೇ ಹೇಳಿಕೊಂಡ. ಅವನ ಚಂದಾದಾರರ ದಾಖಲೆಯನ್ನು ಮುರಿದವನು ಲುಡ್ವಿಗ್ ಆಗ್ರೆನ್. ಒಬ್ಬೊಬ್ಬ ಚಂದಾದಾರ ಸೇರಿದಂತೆಲ್ಲ ಪ್ರಸಾರದ ಗಡಿಯಾರಕ್ಕೆ ಕೆಲವು ಸೆಕೆಂಡು ಕೂಡಿಸುತ್ತೇನೆಂದು ೨೦೨೧ರ ಮಾರ್ಚಿ ೧೪ರಂದು ಕುಳಿತವನು ಏಳಲಾಗಲೇ ಇಲ್ಲ. ೩೧ ದಿನ ಪ್ರಸಾರ ನಡೆಯಿತು, ಚಂದಾದಾರರು ೨,೮೩,೦೬೬. ಅವನು ಮಲಗಿದ್ದನ್ನೂ ಜನ ನೋಡಿದರು. ಆದರೆ ಅವನು ಮಲಗಿದಾಗ ಪ್ರಸಾರ ನೋಡಿಕೊಳ್ಳಲು ಸಹಾಯಕರ ಪಡೆಯಿತ್ತು. ೩೧ ದಿನಕ್ಕೆ ನಿಲ್ಲಿಸುತ್ತೇನೆಂದು ಮೇರೆಯನ್ನು ಅವನೇ ಹಾಕಿಕೊಂಡ.

ಇನ್ನೊಂದನ್ನು ಬರೆಯಬೇಕೋ ಬೇಡವೋ ಎಂದು ಯೋಚಿಸಿದೆ. ೨೦೧೭ರ ಫೆಬ್ರವರಿಯಲ್ಲಿ ಅಮೆರಿಕದ ವರ್ಜೀನಿಯದಲ್ಲಿ ಒಬ್ಬ ಗೃಹಸ್ಥ, ಧರ್ಮಕಾರ್ಯಕ್ಕೆ ಹಣ ಕೂಡಿಸಲು ೨೪ ಗಂಟೆ ಬಿಡದೆ ಆಡುತ್ತೇನೆಂದು ಕುಳಿತಿದ್ದ. ಸುಮಾರು ಇಪ್ಪತ್ತೆರಡನೆಯ ಗಂಟೆಯಲ್ಲಿ ಎದ್ದುಹೋದವನು ಮತ್ತೆ ಕುರ್ಚಿಗೆ ಬರಲಿಲ್ಲ. ನಿದ್ದೆ ಹೋಗಿರಬೇಕೆಂದುಕೊಂಡರು ನೋಡುವವರು. ತೀರಿಕೊಂಡಿದ್ದ. ಆಟದಿಂದಲೇ ಸತ್ತನೆಂದು ಹೇಳುವುದು ಸರಿಯಲ್ಲ; ಸಾವಿನ ಕಾರಣ ವೈದ್ಯರಿಗೆ ಬಿಟ್ಟದ್ದು. ಆ ಖಾಲಿ ಕುರ್ಚಿಯ ವಿಷಯವನ್ನು ಹುಡುಗ ನೋಟ್‌ಬುಕ್ಕಿನಲ್ಲಿ ಬರೆದಾಗ ಅವನ ಅಕ್ಷರ ಸಣ್ಣದಾಗಿತ್ತು.

ನಮ್ಮ ದೇಶದಲ್ಲಿ ಈ ಕಸುಬಿಗೆ ಇನ್ನೊಂದು ತಾಪತ್ರಯ. ೨೦೧೬ರಿಂದ ಇಂಟರ್ನೆಟ್ಟು ಅಗ್ಗವಾಗಿ ಹುಡುಗರ ಗುಂಪೇ ಪಬ್‌ಜಿ ಆಟದ ಬೆನ್ನು ಹತ್ತಿತು. ೨೦೨೦ರ ಸೆಪ್ಟೆಂಬರ್ ೨ರಂದು ಸರ್ಕಾರ ಅದನ್ನು ನಿಷೇಧಿಸಿತು. ಮರುವರ್ಷ ಜುಲೈಯಲ್ಲಿ ಬಿ.ಜಿ.ಎಂ.ಐ. ಎಂಬ ಹೆಸರಿನಲ್ಲಿ ಹೊಸ ಅವತಾರ; ೨೦೨೨ರ ಜುಲೈಯಲ್ಲಿ ಅದಕ್ಕೂ ತಡೆ; ೨೦೨೩ರ ಮೇ ತಿಂಗಳಲ್ಲಿ ಮತ್ತೆ ಪ್ರವೇಶ. ಒಂದೇ ಬೆಳೆ ನೆಚ್ಚಿಕೊಂಡ ರೈತನ ಪಾಡು. ಹುಡುಗನ ಪಟ್ಟಿಯಲ್ಲಿ ಹನ್ನೆರಡನೆಯ ಬಾಬು "ಬೇರೆ ಆಟ ಕಲಿಯುವುದು". ಎಂಟು ತಿಂಗಳಿಂದ ಅಲ್ಲೇ ಇದೆಯಂತೆ.

ಏಳನೆಯ ದಿನ ಇಬ್ಬರೂ ಊಟದ ಮೇಜಿನ ಮೇಲೆ ದೊಡ್ಡ ಹಾಳೆ ಹರಡಿಕೊಂಡು ಕುಳಿತೆವು. ಹದಿನೇಳರಲ್ಲಿ ಕ್ಯಾಮೆರಾ ಮುಂದೆ ಆಗುವ ಕೆಲಸ ಎಷ್ಟು ಎಂದು ಕೇಳಿದೆ. ಎಣಿಸಿ ನೋಡಿದರೆ ನಾಲ್ಕು. ಆ ನಾಲ್ಕಕ್ಕೆ ದಿನಕ್ಕೆ ಒಂಬತ್ತು ಗಂಟೆ. ಉಳಿದ ಹದಿಮೂರಕ್ಕೆ ಹೊತ್ತೇ ಗೊತ್ತಿಲ್ಲ. ಆಕಾಶವಾಣಿಯವರ ಪದ್ಧತಿ ಹಿಡಿದೆವು. ಕದಲಿಸಲಾಗದ್ದು ಯಾವುದು? ಮುಂಗಡ ತೆರಿಗೆಯ ಕಂತು: ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚಿ, ನಾಲ್ಕು ತಿಂಗಳಲ್ಲೂ ೧೫ನೆಯ ತಾರೀಖು. ಡಿಸೆಂಬರ್ ೧೫ಕ್ಕೆ ಆಗ ಉಳಿದದ್ದು ಮೂರೇ ದಿನ. ಹಾಳೆ ಬದಿಗಿಟ್ಟು ಮೊದಲು ಅದನ್ನು ಕಟ್ಟಿಸಿದೆ. ಒಟ್ಟು ಇಪ್ಪತ್ತು ನಿಮಿಷದ ಕೆಲಸ. ಇಪ್ಪತ್ತು ನಿಮಿಷದ ಈ ಕೆಲಸವನ್ನು ಅವನು ಎರಡು ತಿಂಗಳು ತಲೆಯ ಮೇಲೆ ಹೊತ್ತು ತಿರುಗಿದ್ದ.

ತಾಯಿಯ ಕಣ್ಣಿನ ಶಸ್ತ್ರಚಿಕಿತ್ಸೆಯ ದಿನವನ್ನು ಕೆಂಪು ಶಾಯಿಯಲ್ಲಿ ತುಂಬಿದೆವು. ಆಮೇಲೆ ನಿದ್ದೆ. ನಿದ್ದೆ ಕದಲಿಸಬಾರದ ಬಾಬು ಎನ್ನುವುದಕ್ಕೆ ಅವನು ಒಪ್ಪಲು ಅರ್ಧ ಗಂಟೆ ಹಿಡಿಯಿತು. ಪ್ರಸಾರ ಮುಂಚೆಯೇ ಸಾರಿದ ಹೊತ್ತಿಗೆ ಆರಂಭ, ಸಾರಿದ ಹೊತ್ತಿಗೆ ಮುಕ್ತಾಯ: ಸಂಜೆ ಏಳರಿಂದ ಹತ್ತೂವರೆ. ರಾತ್ರಿ ಒಂದರ ಮೇಲೆ ಬರುವವರು ಹೆಚ್ಚು ಎಂದು ಬರೆದ. ಬರಲಿ, ನಿನ್ನ ಮಾತು ಇದ್ದರಲ್ಲವೇ ಬರುವುದು ಎಂದೆ. ನೋಡುವವರ ಕಾಗದಗಳಿಗೆ ಉತ್ತರ ಬರೆಯುವುದನ್ನು ನಾನು ಕಟ್ಟಕಡೆಗೆ ತಳ್ಳಿದೆ. ಅವನು ಕೈ ಹಿಡಿದು ತಡೆದ. "ಮಾಮ, ಅದೇ ನನ್ನ ಅಂಗಡಿಯ ಗಲ್ಲ. ಅಲ್ಲಿ ಮಾತಾಡಿಸದಿದ್ದರೆ ಯಾರೂ ಒಳಗೆ ಬರಲ್ಲ." ಫ್ರಾಂಕ್ಲಿನ್ನನ ಗಿರಾಕಿಗಳು ನೆನಪಾಗಿ ನಾನು ಸೋಲೊಪ್ಪಿದೆ. ಪ್ರಸಾರ ಮುಗಿದ ಕೂಡಲೇ ಅರ್ಧ ಗಂಟೆ, ಮರುದಿನ ಮಧ್ಯಾಹ್ನ ಅರ್ಧ ಗಂಟೆ ಎಂದು ಇತ್ಯರ್ಥವಾಯಿತು. ಹೊಸ ಆಟ ಕಲಿಯಲು ಬುಧವಾರದ ಬೆಳಗು. ಮಂಗಳವಾರ ಖಾಲಿ. ಆ ಮನೆಯಲ್ಲಿ ಏನು ಬರೆಯಲಿ ಎಂದು ಪೆನ್ನು ಹಿಡಿದು ಬಹಳ ಹೊತ್ತು ಕುಳಿತಿದ್ದ. ಏನೂ ಬರೆಯಬೇಡ ಎಂದೆ. ಹಾಳೆಯ ಉಳಿದ ಭಾಗದಲ್ಲಿ ನಾಲ್ಕೈದು ಬಾಬುಗಳಿಗೆ ಎಷ್ಟು ತಿಣುಕಿದರೂ ಜಾಗ ಸಿಗಲಿಲ್ಲ. ಕೊಡಲಿಯ ಮೇಲೆ ಚುಕ್ಕೆಗಳು ಉಳಿದವು.

ಗಂಟಲು ವಾಸಿಯಾಗಿ ಅವನು ಹೊರಟ. ಬಸ್ಸು ಹತ್ತುವಾಗ ಹನ್ನೊಂದನೆಯ ದಿನದ ಮೊದಲ ಮಾತು, ಕರ್ಕಶವಾದ ದನಿಯಲ್ಲಿ: "ಬರ್ತೀನಿ ಮಾಮ." ಮರುಸಂಜೆ ಏಳಕ್ಕೆ ನಾನೂ ನನ್ನ ಹೆಂಡತಿಯೂ ಮೊಬೈಲು ಎದುರಿಗಿಟ್ಟುಕೊಂಡು ಕುಳಿತೆವು. ಕಾಯಿಲೆಗೆ ಮೊದಲು ಇರುತ್ತಿದ್ದುದರಲ್ಲಿ ಅರ್ಧದಷ್ಟೂ ಜನ ಇರಲಿಲ್ಲವೆಂದು ಆಮೇಲೆ ಹೇಳಿದ. ಎರಡು ತಿಂಗಳಲ್ಲಿ ಒಂದಿಷ್ಟು ಮಂದಿ ಮರಳಿದರು, ಎಲ್ಲರೂ ಅಲ್ಲ. ಫೆಬ್ರವರಿಯಲ್ಲಿ ಎರಡು ರಾತ್ರಿ ಮತ್ತೆ ಮೂರು ಗಂಟೆಯವರೆಗ ಕುಳಿತನೆಂದು ತಂಗಿ ವರದಿ ಕೊಟ್ಟಳು.

ಅವಳ ಕಣ್ಣಿನ ಶಸ್ತ್ರಚಿಕಿತ್ಸೆ ಆಯಿತು. ಅವನೇ ಕರೆದುಕೊಂಡು ಹೋಗಿ ಬಂದ. ಹೋದ ಮಂಗಳವಾರ ಟೆಲಿಫೋನಿನಲ್ಲಿ ಅವಳನ್ನು ವಿಚಾರಿಸಿದೆ. "ಕಣ್ಣು ಚೆನ್ನಾಗಿದೆ ಅಣ್ಣ. ಇವತ್ತು ಇವನಿಗೆ ರಜಾ ಅಲ್ವೇ, ಏನು ಮಾಡಬೇಕೋ ಗೊತ್ತಾಗ್ತಿಲ್ಲವಂತೆ. ಬೆಳಗ್ಗೆಯಿಂದ ಅಟ್ಟದ ಮೇಲಿನ ಪಾತ್ರೆಯೆಲ್ಲ ಕೆಳಗಿಳಿಸಿ ಕೂತಿದಾನೆ. ಮತ್ತೆ ಮೇಲಕ್ಕೆ ಇಡೋರು ಯಾರೋ!"